ನಿಂತರೆ ಕುಸಿಯುವ ರಕ್ತದೊತ್ತಡ: ಯಾವ ಉಪಾಯ, ಯಾರಿಗೆ, ಯಾವ ಹೊತ್ತಿಗೆ

ಅಮ್ಮ ಬೆಳಗಿನ ಹೊತ್ತು ದೇವರ ಗೂಡಿನ ಮುಂದೆ ದೀಪ ಹಚ್ಚಲು ನಿಂತವರು ಗೋಡೆಗೆ ಒರಗಿ ಹಾಗೆಯೇ ಜಾರಿ ಕುಳಿತುಬಿಡುತ್ತಿದ್ದರು. ಕಣ್ಣಿಗೆ ಕತ್ತಲೆ ಕವಿಯುತ್ತಿತ್ತು, ಕತ್ತು ಮತ್ತು ಹೆಗಲು ಸೆಳೆಯುತ್ತಿದ್ದವು, ಮಾತು ಕ್ಷಣಕಾಲ ತಪ್ಪುತ್ತಿತ್ತು. ಎರಡು ನಿಮಿಷ ಮಲಗಿಸಿದರೆ ಎಲ್ಲವೂ ಸರಿಹೋಗುತ್ತಿತ್ತು. ತೋರಿಸಿದ ಚಿಕಿತ್ಸಾಲಯದಲ್ಲಿ ಕುರ್ಚಿಯಲ್ಲಿ ಕೂರಿಸಿ ಬಿ.ಪಿ. ನೋಡಿದರು, ಮೇಲಿನ ಅಂಕಿ 156 ಬಂತು, ಬಿ.ಪಿ. ಇಳಿಸುವ ಮಾತ್ರೆಯ ಪ್ರಮಾಣ ಏರಿಸಿ ಕಳುಹಿಸಿದರು. ಮರುವಾರ ಅಮ್ಮ ಬಚ್ಚಲುಮನೆಯಲ್ಲಿ ಬಿದ್ದು ಮಣಿಕಟ್ಟು ಮುರಿದುಕೊಂಡರು.

ನಾನು ಪಶುವೈದ್ಯ. ದನ, ಎಮ್ಮೆ, ನಾಯಿ, ಬೆಕ್ಕುಗಳ ನರ ನೋಡಿ ಅಭ್ಯಾಸವಿದ್ದ ನನಗೆ ಮನೆಯೊಳಗಿನ ಈ ಕಾಯಿಲೆ ಹೊಳೆಯಲು ತಿಂಗಳುಗಳೇ ಬೇಕಾದವು. ಆ ತಿಂಗಳುಗಳು ಬೇರೆಯವರಿಗೆ ವ್ಯರ್ಥವಾಗಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಮಾತ್ರೆಯನ್ನೂ ಅದರ ಪ್ರಮಾಣವನ್ನೂ ನಿಮ್ಮ ವೈದ್ಯರೇ ನಿರ್ಧರಿಸಬೇಕು. ಆದರೆ ಅವರ ಮುಂದೆ ಕುಳಿತಾಗ ಯಾವ ಪ್ರಶ್ನೆ ಕೇಳಬೇಕು, ಎರಡು ದಾರಿಗಳಲ್ಲಿ ಒಂದನ್ನು ಏಕೆ ಆರಿಸಬೇಕು ಎಂಬುದು ಮನೆಯವರಿಗೂ ತಿಳಿದಿರಬೇಕು.

ಉಸಿರು, ಹೃದಯದ ಬಡಿತ, ಬೆವರು, ಜೀರ್ಣ, ಕಣ್ಣಿನ ಪಾಪೆ, ಮೂತ್ರಕೋಶ ಇವೆಲ್ಲವನ್ನೂ ನಮ್ಮನ್ನು ಕೇಳದೆ ನಡೆಸುವ ನರಗಳ ಜಾಲವನ್ನು ಸ್ವಾಯತ್ತ ನರಮಂಡಲ ಎನ್ನುತ್ತಾರೆ. ಈ ಹೆಸರಿಟ್ಟವರು ಇಂಗ್ಲೆಂಡಿನ ಶರೀರವಿಜ್ಞಾನಿ ಜಾನ್ ಲ್ಯಾಂಗ್ಲಿ, 1898ರಲ್ಲಿ. ನಾವು ಎದ್ದು ನಿಂತಾಗ ಅರ್ಧದಿಂದ ಒಂದು ಲೀಟರಿನಷ್ಟು ರಕ್ತ ಹೊಟ್ಟೆ ಮತ್ತು ಕಾಲುಗಳ ಕಡೆ ಇಳಿಯುತ್ತದೆ. ಆರೋಗ್ಯವಂತರಲ್ಲಿ ಈ ನರಗಳು ಕ್ಷಣದಲ್ಲೇ ರಕ್ತನಾಳಗಳನ್ನು ಬಿಗಿದು, ಹೃದಯದ ವೇಗ ಏರಿಸಿ ಮಿದುಳಿಗೆ ರಕ್ತ ತಲುಪಿಸುತ್ತವೆ. ದೀರ್ಘಕಾಲದ ಮಧುಮೇಹ, ಪಾರ್ಕಿನ್ಸನ್ ಕಾಯಿಲೆ, ಮಿದುಳಿನ ಹಲವು ಭಾಗಗಳು ಒಟ್ಟಿಗೆ ಸವೆಯುವ ಮಲ್ಟಿಪಲ್ ಸಿಸ್ಟಮ್ ಅಟ್ರೋಫಿ, ಅಮೈಲಾಯ್ಡ್ ಎಂಬ ಕೆಟ್ಟ ಪ್ರೋಟೀನಿನ ಶೇಖರಣೆ ಇವು ಆ ನರಗಳನ್ನು ಕೊಲ್ಲುತ್ತವೆ. ಅಮ್ಮನದು ಇಪ್ಪತ್ತು ವರ್ಷಗಳ ಸಕ್ಕರೆ ಕಾಯಿಲೆ.

ಆರಿಸುವ ಮೊದಲು ಅಳೆಯಿರಿ

ಬಿ.ಪಿ. ಯಂತ್ರ ಮನೆಯಲ್ಲಿದ್ದರೆ ಸಾಕು. ಐದು ನಿಮಿಷ ಅಂಗಾತ ಮಲಗಿಸಿ ರಕ್ತದೊತ್ತಡವನ್ನೂ ನಾಡಿಯನ್ನೂ ಬರೆದುಕೊಳ್ಳಿ. ನಿಲ್ಲಿಸಿ, ಒಂದನೇ ನಿಮಿಷಕ್ಕೊಮ್ಮೆ, ಮೂರನೇ ನಿಮಿಷಕ್ಕೊಮ್ಮೆ ಮತ್ತೆ ನೋಡಿ. ಪಕ್ಕದಲ್ಲಿ ಒಬ್ಬರು ಹಿಡಿದುಕೊಂಡೇ ಇರಬೇಕು. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಅದು ಕಾಯಿಲೆಯ ಲಕ್ಷಣವೇ. ಕುರ್ಚಿಯಲ್ಲಿ ಕೂರಿಸಿ ಒಮ್ಮೆ ನೋಡಿದರೆ ಇದು ಕಣ್ಣಿಗೆ ಬೀಳದೆ ಹೋಗಬಹುದು. ಅಮ್ಮನಿಗೆ ಮಲಗಿದಾಗ 168, ನಿಂತ ಮೂರನೇ ನಿಮಿಷಕ್ಕೆ 96.

ನಾಡಿಯನ್ನು ಬರೆದುಕೊಳ್ಳಲು ಹೇಳಿದ್ದಕ್ಕೆ ಕಾರಣವಿದೆ. ವಾಂತಿಭೇದಿಯಾಗಿ ನೀರಿನಂಶ ಕಡಿಮೆಯಾದವರಿಗೂ ನಿಂತರೆ ಬಿ.ಪಿ. ಇಳಿಯುತ್ತದೆ. ಆದರೆ ಅವರ ನರಗಳು ಜೀವಂತವಾಗಿರುವುದರಿಂದ ಹೃದಯ ಓಡತೊಡಗುತ್ತದೆ. ನರವೇ ಸತ್ತವರಲ್ಲಿ ನಾಡಿ ಅಷ್ಟಾಗಿ ಕದಲುವುದಿಲ್ಲ. ನಾಡಿ ಎಷ್ಟು ಏರಿತೋ ಅದನ್ನು, ಮೇಲಿನ ಅಂಕಿ ಎಷ್ಟು ಇಳಿಯಿತೋ ಅದರಿಂದ ಭಾಗಿಸಿ. ಉತ್ತರ 0.5ಕ್ಕಿಂತ ಕಡಿಮೆ ಬಂದರೆ ದೋಷ ನರದ್ದಿರುವ ಸಂಭವ ಹೆಚ್ಚು. ಅಮ್ಮನ ಒತ್ತಡ 72 ಇಳಿದರೂ ನಾಡಿ ಏರಿದ್ದು ಆರೇ ಆರು. ಹೃದಯದ ಬಡಿತ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರಿಗೆ, ಪೇಸ್‌ಮೇಕರ್ ಇರುವವರಿಗೆ ಈ ಲೆಕ್ಕ ಹೊಂದುವುದಿಲ್ಲ. ಇನ್ನೂ ಖಚಿತವಾಗಿ ತಿಳಿಯಬೇಕೆಂದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸ್ವಾಯತ್ತ ನರಗಳ ಪರೀಕ್ಷೆಗಾಗಿಯೇ ಪ್ರಯೋಗಾಲಯವಿದೆ. ಇಂತಹ ಕಡೆಗಳಲ್ಲಿ ದೀರ್ಘ ಉಸಿರಾಟ, ಮುಕ್ಕರಿಯುವುದು, ಓರೆಮಂಚದ ಮೇಲೆ ಮಲಗಿಸಿ ಎತ್ತುವುದು ಇತ್ಯಾದಿ ಮಾಡಿಸಿ ಬಡಿತದ ಏರಿಳಿತ ನೋಡುತ್ತಾರೆ.

ಇನ್ನೊಂದು ಪರಿಶೀಲನೆಗೆ ಖರ್ಚೇ ಇಲ್ಲ: ಈಗಾಗಲೇ ನುಂಗುತ್ತಿರುವ ಮಾತ್ರೆಗಳ ಪಟ್ಟಿ. ಪ್ರಾಸ್ಟೇಟ್‌ಗೆ ಕೊಡುವ ಟ್ಯಾಮ್ಸುಲೋಸಿನ್, ಬಿ.ಪಿ.ಗೆ ಕೊಡುವ ಪ್ರಜೋಸಿನ್, ಮೂತ್ರ ಹೆಚ್ಚಿಸುವ ಮಾತ್ರೆ, ಎದೆನೋವಿನ ನೈಟ್ರೇಟ್, ನರನೋವಿಗೆ ಕೊಡುವ ಅಮಿಟ್ರಿಪ್ಟಿಲಿನ್ ಇವೆಲ್ಲ ನಿಂತಾಗಿನ ಒತ್ತಡವನ್ನು ಇನ್ನಷ್ಟು ಇಳಿಸುತ್ತವೆ. ಹೊಸ ಮಾತ್ರೆ ಸೇರಿಸುವುದೋ, ಹಳೆಯದೊಂದನ್ನು ತೆಗೆಯುವುದೋ ಎಂಬ ಪ್ರಶ್ನೆ ಬಂದರೆ ನನ್ನ ಮತ ಎರಡನೆಯದಕ್ಕೆ. ಅಮ್ಮನಿಗೆ ರಾತ್ರಿಯ ನರನೋವಿನ ಮಾತ್ರೆಯನ್ನು ವೈದ್ಯರು ಬದಲಿಸಿದ ಮೇಲೆ ಅರ್ಧ ಸಮಸ್ಯೆ ಅಲ್ಲೇ ತಗ್ಗಿತು.

ನೀರೋ, ಉಪ್ಪೋ

ಎರಡನ್ನೂ ಒಂದೇ ಎಂದುಕೊಂಡು ಜನ ಉಪ್ಪು ಬೆರೆಸಿದ ಮಜ್ಜಿಗೆ ಕುಡಿಸುತ್ತಾರೆ. ನಾನೂ ಕುಡಿಸಿದೆ. ಇವು ಎರಡು ಬೇರೆ ಕೆಲಸ ಮಾಡುವ ಮದ್ದುಗಳು.

ಅರ್ಧ ಲೀಟರ್ ಬರಿಯ ನೀರನ್ನು ಕೆಲವೇ ನಿಮಿಷಗಳಲ್ಲಿ ಗಟಗಟನೆ ಕುಡಿದರೆ, ಸ್ವಾಯತ್ತ ನರಗಳು ಸೋತವರಲ್ಲಿ ಮೇಲಿನ ಅಂಕಿ 30ರಷ್ಟೋ ಅದಕ್ಕೂ ಹೆಚ್ಚೋ ಏರಬಹುದು. ಐದು ಹತ್ತು ನಿಮಿಷಕ್ಕೆ ಶುರುವಾಗಿ, ಅರ್ಧ ಗಂಟೆಯ ಹೊತ್ತಿಗೆ ತುದಿ ಮುಟ್ಟಿ, ಒಂದು ಗಂಟೆಯ ಮೇಲೆ ಇಳಿಯುತ್ತದೆ. ನೀರು ರಕ್ತದ ಪ್ರಮಾಣ ಹೆಚ್ಚಿಸುವುದರಿಂದ ಹೀಗಾಗುವುದಲ್ಲ. ತೆಳುವಾದ ನೀರು ಕರುಳನ್ನು ಮುಟ್ಟಿದಾಗ ಅಳಿದುಳಿದ ನರಗಳು ಎಚ್ಚರಗೊಂಡು ರಕ್ತನಾಳಗಳನ್ನು ಬಿಗಿಯುತ್ತವೆ. ಉಪ್ಪು ಬೆರೆತರೆ ಆ ಪರಿಣಾಮ ಕುಗ್ಗುತ್ತದೆ. ಆದ್ದರಿಂದ ತಕ್ಷಣದ ಆಸರೆಗೆ ಬರಿಯ ನೀರೇ ಬೇಕು, ಹಾಸಿಗೆಯಿಂದ ಕಾಲು ಕೆಳಗಿಡುವ ಮೊದಲೇ ಬೇಕು. ಅಮ್ಮನ ತಲೆದೆಸೆಯಲ್ಲಿ ರಾತ್ರಿಯೇ ಎರಡು ದೊಡ್ಡ ಲೋಟ ನೀರು ಮುಚ್ಚಿಟ್ಟಿರುತ್ತೇವೆ.

ಉಪ್ಪು ನಿಧಾನದ ಮದ್ದು. ಊಟದೊಂದಿಗೆ ದಿನವಿಡೀ ಸೇರಿ, ದೇಹದಲ್ಲಿ ನೀರನ್ನು ಹಿಡಿದಿಟ್ಟು ರಕ್ತದ ಪ್ರಮಾಣ ಹೆಚ್ಚಿಸುತ್ತದೆ. ವಯಸ್ಸು ಚಿಕ್ಕದಿದ್ದು, ಹೃದಯ ಮತ್ತು ಮೂತ್ರಪಿಂಡ ಗಟ್ಟಿಯಿದ್ದು, ಮಲಗಿದಾಗ ಒತ್ತಡ ಏರದವರಿಗೆ ಇದು ಒಳ್ಳೆಯ ಆಯ್ಕೆ. ಅಮ್ಮನಂತೆ ಮಲಗಿದಾಗ 168 ಇರುವವರಿಗೆ ಅಲ್ಲ. ಹೃದಯ ಸೋತವರಿಗೆ, ಡಯಾಲಿಸಿಸ್ ಹಂತದವರಿಗೆ ನೀರೂ ಕೂಡ ವೈದ್ಯರ ಅಳತೆಯಲ್ಲೇ.

ಬಿಗಿಯುವುದಾದರೆ ಕಾಲನ್ನೋ, ಹೊಟ್ಟೆಯನ್ನೋ

ಜಿರಾಫೆಯ ಹೃದಯದ ಬಳಿ ರಕ್ತದೊತ್ತಡ ಮನುಷ್ಯನದರ ಎರಡರಷ್ಟಿರುತ್ತದೆ. ಆದರೂ ಅದರ ಕಾಲು ಊದುವುದಿಲ್ಲ, ನೀರು ಕುಡಿದು ತಲೆ ಎತ್ತಿದಾಗ ಅದು ಬೀಳುವುದಿಲ್ಲ. ಕಾಲಿನ ಚರ್ಮ ಅಷ್ಟು ಬಿಗಿ, ಹೊಲಿದ ಕಾಲುಚೀಲದ ಹಾಗೆ. ಮರ ಹತ್ತುವ ಹಾವುಗಳದ್ದೂ ಇದೇ ಕಥೆ: ಅವುಗಳ ಹೃದಯ ತಲೆಗೆ ಹತ್ತಿರ, ಮೈ ಬಿಗಿ. ಸಮುದ್ರದ ಹಾವನ್ನು ನೀರಿನಿಂದ ಹೊರತೆಗೆದು ತಲೆ ಮೇಲಾಗಿ ಹಿಡಿದರೆ ರಕ್ತವೆಲ್ಲ ಬಾಲದ ಕಡೆ ಇಳಿದುಬಿಡುತ್ತದೆ. ನೀರಿನ ಒತ್ತಡದಲ್ಲೇ ಬಾಳುವ ಅದಕ್ಕೆ ಅಂತಹ ಬಿಗಿ ಬೇಕಾಗಿರಲಿಲ್ಲ. ಸ್ವಾಯತ್ತ ನರ ಸೋತ ಮನುಷ್ಯ ನೀರಿನಿಂದ ಎತ್ತಿದ ಆ ಹಾವಿನಂತೆ. ಬಿಗಿಯನ್ನು ಹೊರಗಿನಿಂದ ಕೊಡಬೇಕು.

ಅಂಗಡಿಯವರು ತೋರಿಸುವುದು ಮೊಣಕಾಲವರೆಗಿನ ಬಿಗಿ ಕಾಲುಚೀಲ. ಅದಕ್ಕೆ ಹಣ ಹಾಕಬೇಡಿ ಎಂದೇ ಹೇಳುತ್ತೇನೆ. ನಿಂತಾಗ ರಕ್ತ ಹೆಚ್ಚಾಗಿ ನಿಲ್ಲುವುದು ಹೊಟ್ಟೆಯೊಳಗಿನ ನಾಳಗಳಲ್ಲಿ, ಮೀನಖಂಡದಲ್ಲಿ ಮಾತ್ರ ಅಲ್ಲ. ಸೊಂಟದವರೆಗೆ ಬರುವ, 30ರಿಂದ 40 ಮಿ.ಮೀ. ಒತ್ತಡದ ಕಾಲುಚೀಲ ಕೆಲಸ ಮಾಡುತ್ತದೆ, ಒಪ್ಪುತ್ತೇನೆ. ಆದರೆ ಬೆರಳು ನಡುಗುವ, ಸೀರೆಯುಡುವ ಎಪ್ಪತ್ತರ ಹೆಂಗಸು ಏಪ್ರಿಲ್ ಬಿಸಿಲಿನಲ್ಲಿ ಅದನ್ನು ದಿನವೂ ಏರಿಸಿಕೊಳ್ಳಲು ಆಗುವುದಿಲ್ಲ. ನಾವು ತಂದದ್ದು ಮೂರು ದಿನ ಬಳಕೆಯಾಗಿ ಬೀರುವಿಗೆ ಸೇರಿತು.

ಹೊಟ್ಟೆಯ ಪಟ್ಟಿ ಬೇರೆ ಮಾತು. ಔಷಧಿ ಅಂಗಡಿಯಲ್ಲಿ ಅಬ್ಡಾಮಿನಲ್ ಬೆಲ್ಟ್ ಎಂದು ಕೇಳಿದರೆ ಕೊಡುತ್ತಾರೆ. ಬಾಣಂತಿಯ ಹೊಟ್ಟೆಗೆ ಹಳೆಯ ಸೀರೆ ಬಿಗಿದು ಕಟ್ಟುತ್ತಿದ್ದ ನಮ್ಮ ಮನೆಗಳ ಹೆಂಗಸರಿಗೆ ಅದರ ಬಳಕೆ ಹೇಳಿಕೊಡಬೇಕಾಗಿಲ್ಲ. ಏಳುವ ಮೊದಲು ಮಲಗಿದಲ್ಲೇ ಕಟ್ಟಿ, ಮತ್ತೆ ಮಲಗುವ ಮುನ್ನ ಬಿಚ್ಚಬೇಕು. ಎರಡರಲ್ಲಿ ಒಂದನ್ನೇ ಕೊಳ್ಳುವುದಾದರೆ ಪಟ್ಟಿಯನ್ನೇ ಕೊಳ್ಳಿ.

ಹೊರಗೆ ಹೋದಾಗ ಕಣ್ಣು ಮಂಜಾದರೆ ನಿಂತಲ್ಲೇ ಕಾಲಿಗೆ ಕಾಲು ಹೆಣೆದು ತೊಡೆ ಬಿಗಿಯುವುದು, ಅದಕ್ಕೂ ಮೀರಿದರೆ ಕುಕ್ಕರಗಾಲಿನಲ್ಲಿ ಕೂರುವುದು ಒತ್ತಡವನ್ನು ಕೂಡಲೇ ಎತ್ತುತ್ತದೆ. ನಾಲ್ಕು ಜನ ನೋಡುತ್ತಾರೆಂದು ಅಮ್ಮ ಮೊದಮೊದಲು ಸಂಕೋಚಪಡುತ್ತಿದ್ದರು. ಬಿದ್ದಾಗ ನೋಡುವವರೂ ಅದೇ ನಾಲ್ಕು ಜನ ಎಂದೆ. ಈಗ ಕೂರುತ್ತಾರೆ.

ಮಾತ್ರೆಗಳಲ್ಲಿ ಯಾವುದು

ಹೆಚ್ಚಾಗಿ ಹೆಸರು ಕೇಳುವುದು ಮೂರು: ಫ್ಲುಡ್ರೊಕಾರ್ಟಿಸೋನ್, ಮಿಡೋಡ್ರಿನ್, ಪಿರಿಡೋಸ್ಟಿಗ್ಮಿನ್. ನಾಲ್ಕನೆಯದು ಡ್ರಾಕ್ಸಿಡೋಪ. ಯಾವುದು ಹೆಚ್ಚು ಬಲವಾದದ್ದು ಎಂದು ಕೇಳುವುದಕ್ಕಿಂತ, ಯಾವುದು ಎಷ್ಟು ಹೊತ್ತು ದೇಹದಲ್ಲಿರುತ್ತದೆ ಎಂದು ಕೇಳಿ. ಏಕೆಂದರೆ ಈ ಕಾಯಿಲೆಯ ಕ್ರೌರ್ಯವಿರುವುದು ಅಲ್ಲಿಯೇ: ನಿಂತಾಗ ಕುಸಿಯುವ ಅದೇ ಒತ್ತಡ ಮಲಗಿದಾಗ ಅನೇಕರಲ್ಲಿ ಮಿತಿಮೀರಿ ಏರುತ್ತದೆ. ಹಗಲಿಗೆ ಬೇಕಾದ ಮದ್ದು ರಾತ್ರಿಗೂ ಉಳಿದರೆ ಮಿದುಳಿಗೆ, ಹೃದಯಕ್ಕೆ, ಮೂತ್ರಪಿಂಡಕ್ಕೆ ಅಪಾಯ.

ಫ್ಲುಡ್ರೊಕಾರ್ಟಿಸೋನ್ ಮೂತ್ರಪಿಂಡದಲ್ಲಿ ಉಪ್ಪನ್ನು ಹಿಡಿದಿಡುತ್ತದೆ. ಸಾಮಾನ್ಯವಾಗಿ ದಿನಕ್ಕೆ 0.1ರಿಂದ 0.2 ಮಿ.ಗ್ರಾಂ. ಪರಿಣಾಮ ಕಾಣಲು ದಿನಗಳು ಬೇಕು, ಕಂಡ ಮೇಲೆ ಅದು ಹಗಲು ರಾತ್ರಿ ಎಂದು ನೋಡುವುದಿಲ್ಲ. ಪೊಟ್ಯಾಸಿಯಂ ಇಳಿಯುತ್ತದೆ, ಪಾದ ಊದುತ್ತದೆ, ಮಲಗಿದಾಗಿನ ಒತ್ತಡ ಏರುತ್ತದೆ. ರಕ್ತಪರೀಕ್ಷೆ ಮಾಡಿಸುತ್ತಲೇ ಇರಬೇಕು. ಮಲಗಿದಾಗಿನ ಒತ್ತಡ ಸರಿಯಿರುವ, ಹೃದಯ ಚೆನ್ನಾಗಿರುವ ಕಿರಿಯರಿಗೆ ಇದು ಹೊಂದಬಹುದು. ಅಮ್ಮನಿಗೆ ಇದನ್ನು ನಮ್ಮ ನರರೋಗ ತಜ್ಞರು ಮೊದಲ ಭೇಟಿಯಲ್ಲೇ ಬೇಡವೆಂದರು.

ಮಿಡೋಡ್ರಿನ್ ಗಡಿಯಾರಕ್ಕೆ ಕಟ್ಟಿದ ಮದ್ದು. ನುಂಗಿದ ಅರ್ಧದಿಂದ ಒಂದು ಗಂಟೆಯಲ್ಲಿ ನಾಳಗಳನ್ನು ನೇರವಾಗಿ ಬಿಗಿಯುತ್ತದೆ, ನಾಲ್ಕು ಗಂಟೆಯ ಹೊತ್ತಿಗೆ ಇಳಿದುಹೋಗುತ್ತದೆ. ಬೆಳಿಗ್ಗೆ ಏಳುವ ಮೊದಲೊಂದು, ಮಧ್ಯಾಹ್ನದ ಮೊದಲೊಂದು, ಸಂಜೆ ಬೇಗನೆ ಕೊನೆಯದು. ಮಲಗುವ ನಾಲ್ಕು ಗಂಟೆ ಮೊದಲು ಕೊನೆಯ ಮಾತ್ರೆ ಮುಗಿದಿರಬೇಕು. ಅದನ್ನು ನುಂಗಿ ಹಗಲುನಿದ್ದೆಗೆ ಚಪ್ಪಟೆಯಾಗಿ ಮಲಗುವುದು ಸಲ್ಲದು. ನೆತ್ತಿ ಜುಮ್ಮೆನ್ನುತ್ತದೆ, ತೋಳಿನ ರೋಮ ನಿಮಿರುತ್ತದೆ. ಅಮ್ಮ ಮೊದಲ ದಿನ ತಲೆಯಲ್ಲಿ ಇರುವೆ ಹರಿದ ಹಾಗಾಗುತ್ತದೆ ಎಂದು ಗಾಬರಿಯಾದರು. ಅದು ಮದ್ದು ಕೆಲಸ ಮಾಡುತ್ತಿರುವ ಗುರುತು, ಅಲರ್ಜಿಯಲ್ಲ. ಮೂತ್ರ ಕಟ್ಟುವ ತೊಂದರೆಯಿರುವವರಿಗೆ ಇದು ಕಷ್ಟ.

ಪಿರಿಡೋಸ್ಟಿಗ್ಮಿನ್ ಹೆಸರು ಕೇಳಿದಾಗ ನನಗೆ ಭಯವಾಯಿತು. ಅದಕ್ಕೆ ಕಾರಣ ನನ್ನ ವೃತ್ತಿ. ಕೀಟನಾಶಕ ಬಿದ್ದ ಮೇವು ತಿಂದ ಹಸುಗಳನ್ನು ಎಷ್ಟೋ ನೋಡಿದ್ದೇನೆ: ಧಾರಾಕಾರ ಜೊಲ್ಲು, ಕಣ್ಣೀರು, ಭೇದಿ, ಸೂಜಿಮೊನೆಯಂತೆ ಕಿರಿದಾದ ಪಾಪೆ, ಮೈಯೆಲ್ಲ ಅದುರು. ಅಟ್ರೋಪಿನ್ ಏರಿಸುತ್ತಾ ರಾತ್ರಿಯೆಲ್ಲ ಕೊಟ್ಟಿಗೆಯಲ್ಲಿ ಕಳೆದದ್ದಿದೆ. ಅಸಿಟೈಲ್‌ಕೋಲಿನ್ ಎಂಬ ನರಸಂದೇಶವಾಹಕವನ್ನು ಒಡೆಯುವ ಕಿಣ್ವವನ್ನು ಆ ವಿಷ ಕಟ್ಟಿಹಾಕುತ್ತದೆ. ಪಿರಿಡೋಸ್ಟಿಗ್ಮಿನ್ ತಡೆಯುವುದೂ ಅದೇ ಕಿಣ್ವವನ್ನು! ವ್ಯತ್ಯಾಸವಿರುವುದು ಅಳತೆಯಲ್ಲಿ, ಅವಧಿಯಲ್ಲಿ. ಆ ವಿಷದ ಹಿಡಿತ ತಾನಾಗಿ ಬಿಡುವುದಿಲ್ಲ, ಈ ಮಾತ್ರೆಯದು ಕೆಲವು ಗಂಟೆಗಳಲ್ಲಿ ಸಡಿಲವಾಗುತ್ತದೆ. ಇದರ ದೊಡ್ಡ ಗುಣವೆಂದರೆ ನಿಂತಾಗ ನರಕ್ಕೆ ಬರುವ ಸಂದೇಶವನ್ನಷ್ಟೇ ಬಲಪಡಿಸುವುದು. ಮಲಗಿದಾಗ ಸಂದೇಶವೇ ಕಡಿಮೆ, ಆದ್ದರಿಂದ ಒತ್ತಡ ಹೆಚ್ಚು ಏರುವುದಿಲ್ಲ. ಕೊರತೆಯೆಂದರೆ ಬಲ ಕಡಿಮೆ, ನರ ಪೂರ್ತಿ ಸತ್ತವರಿಗೆ ಬಲಪಡಿಸಲು ಏನೂ ಉಳಿದಿರುವುದಿಲ್ಲ. ಹೊಟ್ಟೆನುಲಿತ, ಸಡಿಲ ಮಲ ಇದ್ದದ್ದೇ. ಮಲಬದ್ಧತೆಯಿರುವವರಿಗೆ ಆ ತೊಂದರೆಯೇ ಲಾಭವೂ ಆಗಬಹುದು. ಸೌಮ್ಯ ಕಾಯಿಲೆ, ಮಲಗಿದಾಗ ಏರುವ ಒತ್ತಡ, ಜೊತೆಗೆ ಮಲಬದ್ಧತೆ, ಈ ಮೂರೂ ಕೂಡಿದವರು ಇದರ ಬಗ್ಗೆ ವೈದ್ಯರನ್ನು ಕೇಳಲೇಬೇಕು.

ಡ್ರಾಕ್ಸಿಡೋಪ ದೇಹದಲ್ಲಿ ನಾರ್‌ಅಡ್ರಿನಲಿನ್ ಎಂಬ, ರಕ್ತನಾಳ ಬಿಗಿಯುವ ನರಸಂದೇಶವಾಹಕವಾಗಿ ಬದಲಾಗುತ್ತದೆ. ಜಪಾನಿನಲ್ಲಿ 1989ರಿಂದ, ಅಮೆರಿಕದಲ್ಲಿ 2014ರಿಂದ ಒಪ್ಪಿಗೆ ಪಡೆದಿದೆ. ದುಬಾರಿ. ಉಳಿದವು ಸೋತ ಮೇಲೆ ಯೋಚಿಸಬಹುದು.

ಯಾವುದನ್ನು ಆರಿಸಿದರೂ ಅತಿ ಚಿಕ್ಕ ಪ್ರಮಾಣದಿಂದ ಶುರುಮಾಡಿಸಿ. ಇದರ ಕಾರಣವನ್ನು ನಾನು ಕಲಿತದ್ದು ಬೆಕ್ಕಿನ ಕಣ್ಣಿನಿಂದ. ಸ್ವಾಯತ್ತ ನರ ಸತ್ತ ಬೆಕ್ಕಿನ ಹಿಗ್ಗಿದ ಪಾಪೆಗೆ ಬಹಳ ತೆಳುಮಾಡಿದ, 0.1 ಶೇಕಡದ ಪೈಲೋಕಾರ್ಪಿನ್ ಹನಿಯೊಂದು ಬಿದ್ದರೆ ಪಾಪೆ ಕಿರಿದಾಗುತ್ತದೆ. ಆರೋಗ್ಯವಂತ ಕಣ್ಣು ಅಷ್ಟು ತೆಳುವಾದ ಮದ್ದನ್ನು ಲೆಕ್ಕಿಸುವುದೇ ಇಲ್ಲ. ನರ ಸತ್ತ ಅಂಗ ಹಸಿದು ಕಾಯುತ್ತಿರುತ್ತದೆ, ತೊಟ್ಟು ಸಿಕ್ಕರೂ ಹಿಡಿಯುತ್ತದೆ. ಪಾಪೆಯ ನರ ಸೋತು ಅದು ಹಿಗ್ಗಿ ನಿಲ್ಲುವ ಏಡೀಸ್ ಪ್ಯೂಪಿಲ್ ಎಂಬ ತೊಂದರೆಯಿರುವ ಮನುಷ್ಯರ ಕಣ್ಣಿನಲ್ಲೂ ವೈದ್ಯರು ಇದೇ ಪರೀಕ್ಷೆ ಮಾಡುತ್ತಾರೆ. ರಕ್ತನಾಳಗಳೂ ಹಾಗೆಯೇ: ನಿಮಗೂ ನನಗೂ ಏನೂ ಮಾಡದ ಎರಡು ಲೋಟ ನೀರು ಅಮ್ಮನಲ್ಲಿ ಅಷ್ಟು ಒತ್ತಡ ಏರಿಸುವುದರಲ್ಲಿ ಈ ಹಸಿವಿನ ಪಾಲೂ ಇದೆ.

ರಾತ್ರಿಗೆ ಎರಡು ಇಟ್ಟಿಗೆ

ಎಲ್ಲ ಉಪಾಯಗಳಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಇದನ್ನು ಉಳಿಸಿಕೊಳ್ಳುತ್ತೇನೆ. ರಾತ್ರಿ ಚಪ್ಪಟೆಯಾಗಿ ಮಲಗಿದಾಗ ಒತ್ತಡ ಏರಿ, ಮೂತ್ರಪಿಂಡ ಉಪ್ಪನ್ನೂ ನೀರನ್ನೂ ಹೊರಹಾಕುತ್ತದೆ. ಅಮ್ಮ ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುತ್ತಿದ್ದುದು, ಬೆಳಗ್ಗೆಯೇ ಹೆಚ್ಚು ಬೀಳುತ್ತಿದ್ದುದು ಇದರಿಂದಲೇ. ಮಂಚದ ತಲೆಕಡೆಯ ಎರಡೂ ಕಾಲುಗಳ ಕೆಳಗೆ ಇಟ್ಟಿಗೆಯ ಮೇಲೆ ಇಟ್ಟಿಗೆಯಿಟ್ಟು ಸುಮಾರು ಆರು ಇಂಚು ಎತ್ತರಿಸಿದೆವು. ದಿಂಬು ಹೆಚ್ಚಿಸಿದರೆ ಆಗದೇ ಎಂದು ಕೇಳುತ್ತಾರೆ. ಆಗುವುದಿಲ್ಲ. ಕತ್ತು ಬಾಗುತ್ತದೆಯೇ ಹೊರತು ದೇಹ ಇಳಿಜಾರಾಗುವುದಿಲ್ಲ. ಎರಡು ವಾರದಲ್ಲಿ ಮೂತ್ರಕ್ಕೆ ಏಳುವುದು ಎರಡು ಸಲಕ್ಕೆ ಇಳಿಯಿತು.

ಊಟದ ವಿಷಯದಲ್ಲೂ ಹೊತ್ತೇ ಮುಖ್ಯ. ತಟ್ಟೆ ತುಂಬ ಅನ್ನವೋ ದೊಡ್ಡ ಮುದ್ದೆಯೋ ಇಳಿದ ಮೇಲೆ ರಕ್ತ ಕರುಳಿನ ಕಡೆ ಹರಿದು, ಎರಡು ಗಂಟೆಯವರೆಗೂ ಒತ್ತಡ ಕುಸಿದಿರಬಹುದು. ಒಂದು ಮುದ್ದೆಯನ್ನು ಅರ್ಧರ್ಧ ಮಾಡಿ ಎರಡು ಹೊತ್ತಿಗೆ ಹಂಚಿದೆವು. ಸ್ನಾನದ ನೀರು ಉಗುರುಬೆಚ್ಚಗೆ, ಬಚ್ಚಲಿನಲ್ಲಿ ಪ್ಲಾಸ್ಟಿಕ್ ಕುರ್ಚಿ.

ನಾಯಿ, ಬೆಕ್ಕು ಸಾಕಿದವರಿಗೆ

ಪ್ರಾಣಿಗಳಲ್ಲಿ ಈ ನರಗಳು ಪೂರ್ತಿ ಸಾಯುವ ಕಾಯಿಲೆಗೆ ಡಿಸ್‌ಆಟೊನೋಮಿಯ ಎನ್ನುತ್ತಾರೆ. ಕುದುರೆಗಳಲ್ಲಿ ಅದು ಇಪ್ಪತ್ತನೇ ಶತಮಾನದ ಮೊದಲ ದಶಕದಲ್ಲಿ ಸ್ಕಾಟ್ಲೆಂಡಿನ ಪೂರ್ವಭಾಗದಲ್ಲಿ ಕಾಣಿಸಿಕೊಂಡಿತು. ಹುಲ್ಲುಗಾವಲಿನ ಕುದುರೆಗಳಿಗೇ ಬರುವುದರಿಂದ ಹುಲ್ಲುಕಾಯಿಲೆ ಎಂದು ಹೆಸರು. ಬೆಕ್ಕುಗಳಲ್ಲಿ ಬ್ರಿಟನ್ನಿನ ಪಶುವೈದ್ಯರು 1982ರಲ್ಲಿ ವರದಿ ಮಾಡಿದರು. ನಾಯಿಗಳಲ್ಲಿ ಅಮೆರಿಕದ ಮಿಸೌರಿ, ಕ್ಯಾನ್ಸಸ್ ಕಡೆಯ ಹಳ್ಳಿಗಳಲ್ಲಿ ಹೆಚ್ಚು. ನನ್ನ ಸೇವೆಯಲ್ಲಿ ಒಂದೂ ಕಂಡಿಲ್ಲ. ಆದರೂ ಹಿಗ್ಗಿ ನಿಂತ ಪಾಪೆ, ಒಣ ಮೂಗು, ಒಣ ಕಣ್ಣು, ತಿಂದದ್ದನ್ನು ಕಕ್ಕುವುದು, ಮಲಮೂತ್ರ ಕಟ್ಟುವುದು ಒಟ್ಟಿಗೆ ಬಂದರೆ ಯೋಚಿಸಲೇಬೇಕು. ಉಮ್ಮತ್ತಿ ತಿಂದರೂ ಹೆಚ್ಚುಕಡಿಮೆ ಹೀಗೆಯೇ ಕಾಣುತ್ತದೆ, ಮೊದಲು ಅದನ್ನು ತಳ್ಳಿಹಾಕಬೇಕು. ಇಲ್ಲಿಯ ಆಯ್ಕೆ ಮನುಷ್ಯರದಕ್ಕಿಂತ ಕಠಿಣ: ತೀವ್ರರೂಪದ ಹುಲ್ಲುಕಾಯಿಲೆಯ ಕುದುರೆ ಮತ್ತು ಬಹುಪಾಲು ನಾಯಿಗಳು ಉಳಿಯುವುದಿಲ್ಲ, ನೋವಿಲ್ಲದ ಸಾವು ಕೊಡುವುದೇ ದಯೆ. ನಿಧಾನರೂಪದ ಕುದುರೆಗೆ, ಇನ್ನೂ ನುಂಗಬಲ್ಲ ಬೆಕ್ಕಿಗೆ ತಿಂಗಳುಗಟ್ಟಲೆ ಶುಶ್ರೂಷೆ ಮಾಡಲು ಸಿದ್ಧರಿದ್ದರೆ ಅವಕಾಶ ಕೊಡಬೇಕು.

ನಮ್ಮಲ್ಲಿ ಹೆಚ್ಚಾಗಿ ಕಾಣುವುದು ಕಣ್ಣಿಗೆ ಹೋಗುವ ಸ್ವಾಯತ್ತ ನರವಷ್ಟೇ ಸೋಲುವ ಹಾರ್ನರ್ ಸಿಂಡ್ರೋಮ್: ಒಂದು ಕಣ್ಣಿನ ಪಾಪೆ ಕಿರಿದು, ರೆಪ್ಪೆ ಜೋತು, ಮೂರನೇ ರೆಪ್ಪೆ ಮೇಲೆ ಬಂದಿರುತ್ತದೆ. ಗೋಲ್ಡನ್ ರಿಟ್ರೀವರ್ ನಾಯಿಗಳಲ್ಲಿ ಎಷ್ಟೋ ಸಲ ಕಾರಣವೇ ಸಿಗದೆ ಕೆಲವು ತಿಂಗಳಲ್ಲಿ ತಾನಾಗಿ ಹೋಗುತ್ತದೆ. ಕಿವಿ, ಕತ್ತು, ಎದೆ ಪರೀಕ್ಷಿಸಿ ಏನೂ ಇಲ್ಲದಿದ್ದರೆ ಕಾಯಬಹುದು. ಅದೇ ಚಿಹ್ನೆ ಮನುಷ್ಯನಲ್ಲಿ ದಿಢೀರನೆ ಕಂಡರೆ, ಅದರಲ್ಲೂ ಕತ್ತುನೋವಿದ್ದರೆ, ಒಂದು ದಿನವೂ ಕಾಯಬೇಡಿ. ಕತ್ತಿನ ರಕ್ತನಾಳದ ಗೋಡೆ ಸೀಳಿರಬಹುದು, ಶ್ವಾಸಕೋಶದ ತುದಿಯಲ್ಲಿ ಗಡ್ಡೆಯಿರಬಹುದು. ಅಂದೇ ಆಸ್ಪತ್ರೆಗೆ ಹೋಗಬೇಕು.

ಅನ್ನನಾಳ ಸೋತ ಬೆಕ್ಕಿಗೋ ನಾಯಿಗೋ ಬಟ್ಟಲನ್ನು ಎತ್ತರದಲ್ಲಿಟ್ಟು, ಉಂಡ ಮೇಲೂ ಹತ್ತು ಹದಿನೈದು ನಿಮಿಷ ಮುಂಗಾಲು ಎತ್ತಿ ನೆಟ್ಟಗೆ ಹಿಡಿದಿರಬೇಕು, ಆಹಾರ ತನ್ನ ಭಾರಕ್ಕೆ ಇಳಿಯಲಿ ಎಂದು. ಮನೆಗೆ ಬಂದರೆ ಅಮ್ಮನಿಗೆ ಇದರ ತದ್ವಿರುದ್ಧ: ಉಂಡ ಮೇಲೆ ಏಳಬೇಡಿ, ಒರಗುಕುರ್ಚಿಯಲ್ಲಿ ಕಾಲು ಮೇಲಿಟ್ಟು ಅರ್ಧ ಗಂಟೆ ಕುಳಿತಿರಿ, ತಟ್ಟೆ ನಾನೇ ಎತ್ತುತ್ತೇನೆ ಎನ್ನುತ್ತೇನೆ.